ಏಳನೇ ಕಾಲಂ

ಮಿಂದೆಲೋ ಬಂದರಿನ ನೋಂದಣಿ ಕಚೇರಿಯಲ್ಲಿ
ಹತ್ತೊಂಬತ್ತು ವರ್ಷದಿಂದ ಹುಟ್ಟಿದವರನ್ನು ಬರೆದುಕೊಳ್ಳುತ್ತಿದ್ದೇನೆ.
ಏಳನೇ ಕಾಲಂ: ತಂದೆಯ ಹೆಸರು.
ಹೇಳುವವರಿಲ್ಲದಾಗ ಅಲ್ಲಿ ಒಂದು ಗೀಟು,
ಅಡ್ಡಕ್ಕೆ, ಮಸಿ ಹರಡದ ಹಾಗೆ.
ಮೊದಮೊದಲು ಸ್ಕೇಲು ಹಿಡಿಯುತ್ತಿದ್ದೆ.
ಈಗ ಕೈ ಪಳಗಿದೆ.

ಇವತ್ತು ಇವಾಂದ್ರ ಬಂದಳು, ಮೀನು ಮಾರುವವಳು.
ತೊಟ್ಟಿಯನ್ನೇನೋ ಬಾಗಿಲಾಚೆ ಇಳಿಸಿದಳು,
ವಾಸನೆಯನ್ನು ಎಲ್ಲಿ ಇಳಿಸುವುದು?
ಸೆರಗಿಲ್ಲದ ಊರಿನಲ್ಲಿ ಅಂಗೈಯನ್ನೇ
ಲಂಗಕ್ಕೆ ಒರೆಸಿ ಒರೆಸಿ ನಿಂತಳು.
ಪಕ್ಕದಲ್ಲಿ ಡೆನಿಲ್ಸನ್, ಆರು ವರ್ಷ,
ಮುಂದಿನೆರಡು ಹಲ್ಲಿಲ್ಲ,
ಕೇಳದಿದ್ದರೂ ಹೆಸರು ಹೇಳುತ್ತಾನೆ.

ಅವಳ ಕೈಯಲ್ಲಿ ಕೋರ್ಟಿನ ಕಾಗದ,
ಲಿಸ್ಬನ್ನಿನಿಂದ ಬಂದ ಎಂಜಲಿನ ವರದಿ.
ಅಪ್ಪನ ತಟ್ಟೆಯಿಂದ ಒಂದು ತುತ್ತೂ
ಎಂಜಲು ತಿನ್ನದ ಹುಡುಗ;
ಅವನ ಎಂಜಲೂ ಅಪ್ಪನ ಎಂಜಲೂ
ಹತ್ತಿಯ ಕಡ್ಡಿಗಂಟಿ, ಒಂದೇ ಡಬ್ಬಿಯಲ್ಲಿ
ಸಮುದ್ರ ದಾಟಿ ಹೋಗಿವೆ.
ಅಪ್ಪ ಮಗ ಜೊತೆಯಾಗಿ ಮಾಡಿದ
ಇದುವರೆಗಿನ ಒಂದೇ ಪ್ರಯಾಣ.

ಅಡೆರಿತು ಹನ್ನೊಂದೂವರೆಗೆ ಬಂದ.
ಹಡಗುಗಳಿಗೆ ಬೆಸುಗೆ ಹಾಕುವವನು.
"ಊರಲ್ಲಿ ಗಂಡಸರಿಗೇನು ಬರವೇ" ಅಂದಿದ್ದನಂತೆ ಕೋರ್ಟಿನಲ್ಲಿ.
ಇಲ್ಲಿ ಹಾಗೇನೂ ಅನ್ನಲಿಲ್ಲ.
ಟೋಪಿ ತೆಗೆದು, ಮತ್ತೆ ಹಾಕಿಕೊಂಡು,
ನನ್ನನ್ನೇ ಕೇಳಿದ:
"ಐದು ಸಾವಿರ ಎಸ್ಕುದೊ
ಒಂದನೇ ತಾರೀಖಿಗೋ, ಸಂಬಳವಾದ ಮೇಲೋ?"

ಇವಾಂದ್ರಳ ಚೀಲದಲ್ಲಿ ಒಂದು ನೋಟುಬುಕ್ಕು.
ಹಾಲಿನ ಪುಡಿ. ಜ್ವರ. ಮತ್ತೆ ಹಾಲಿನ ಪುಡಿ.
ಚಪ್ಪಲಿ ಒಂದು ಜೊತೆ,
ಆಮೇಲೆ ಒಂದೇ ಚಪ್ಪಲಿಯ ಬೆಲೆ
(ಒಂದನ್ನು ಅಲೆ ಒಯ್ದಿತ್ತು,
ಅಂಗಡಿಯವನು ದೊಡ್ಡ ಮನಸ್ಸು ಮಾಡಿದ್ದ).
ನ್ಯಾಯಾಧೀಶರು ತೆರೆದು ನೋಡಲಿಲ್ಲ.
ಅರ್ಜಿ ಹಾಕಿದ ದಿನದಿಂದ ಮಾತ್ರ ಬಾಕಿ.
ಅದಕ್ಕೆ ಹಿಂದಿನ ಹಸಿವು
ಲೆಕ್ಕಕ್ಕಿಲ್ಲ.

ಹುಡುಗ ಅವನ ಮುಖ ನೋಡಲೇ ಇಲ್ಲ.
ಮೇಜಿನ ಎತ್ತರಕ್ಕೆ ಸಿಕ್ಕಿದ್ದು ಕೈ.
ಕಿಡಿ ಸಿಡಿದು ಸುಟ್ಟ ಚುಕ್ಕೆಗಳನ್ನು
ಬೆರಳಿಟ್ಟು ಎಣಿಸತೊಡಗಿದ.
ಹದಿನಾಲ್ಕರ ಹೊತ್ತಿಗೆ ಕೇಳಿದ: "ನೋಯುತ್ತಾ?"
ಅಡೆರಿತು ಇವಾಂದ್ರಳನ್ನು ನೋಡಿದ.
ಅವಳು ಕಿಟಕಿ ನೋಡಿದಳು.
"ಆವಾಗ ನೋಯ್ತು" ಅಂದ.
ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ,
ಮುಂದಕ್ಕೂ ಚಾಚಲಿಲ್ಲ.

ಗೀಟು ಅಳಿಸುವಂತಿಲ್ಲ ನಮ್ಮಲ್ಲಿ. ನಿಯಮ.
ಹೆಸರು ಬಂದರೆ ಅಂಚಿನಲ್ಲಿ ಬರೆಯಬೇಕು,
ದಿನಾಂಕ ಹಾಕಿ, ಸಣ್ಣಕ್ಷರದಲ್ಲಿ.
ಹಿಂದಿನ ಕಪಾಟಿನ ಕೆಳಖಾನೆಯಲ್ಲಿ ನನ್ನ ಪುಟವೂ ಇದೆ.
ಧೂಳು ಹೊಡೆಯುವಾಗ ನೋಡಿದ್ದೇನೆ,
ಬಹಳ ಅಗಲವಾದ ಅಂಚು.

ಇರಲಿ.
"ಇಲ್ಲಿ ಸಹಿ" ಅಂದೆ.
ಅವನು ಬರೆದದ್ದು ನಿಧಾನಕ್ಕೆ,
ನಾಲಿಗೆಯ ತುದಿಯನ್ನು ಹಲ್ಲಿಗೆ ಒತ್ತಿ;
ಹುಡುಗನೂ ಕತ್ತು ಚಾಚಿ ನೋಡುತ್ತ
ಹಾಗೇ ಒತ್ತಿದ್ದ, ಹಲ್ಲಿಲ್ಲದ ಸಂದಿಗೆ.
ಲಿಸ್ಬನ್ನಿನವರೆಗೆ ಹೋಗಬೇಕಿತ್ತೇ ಇದಕ್ಕೆ?

ಹೊರಗೆ ಐಸು ಕರಗಿ
ಮೆಟ್ಟಿಲ ಮೇಲೆ ನೀರು ಹರಿದಿತ್ತು.
ಇವಾಂದ್ರ ತೊಟ್ಟಿ ತಲೆಗೇರಿಸಿ
ಮಗನನ್ನು ಕರೆದಳು, ಪೂರ್ತಿ ಹೆಸರು ಹಿಡಿದು,
ಹಳೆಯ ಹೆಸರೇ, ಅವಳ ಮನೆತನದ್ದು.
ಮೀನು ಕೆಡುವ ಹೊತ್ತಾಗಿತ್ತು.

ಅಡೆರಿತು ಬೇರೆ ದಾರಿಯಿಂದ ಇಳಿದುಹೋದ,
ಮರೆತು, ನನ್ನ ಪೆನ್ನನ್ನು ಜೇಬಿಗೆ ಹಾಕಿಕೊಂಡು.
ಕೂಗಿ ಕರೆಯಲಿಲ್ಲ ನಾನು.
ಒಂದನೇ ತಾರೀಖು ಮಂಗಳವಾರ ಬರುತ್ತದೆ.