ಓದಬಹುದು, ತಿದ್ದಲಾಗದು

ಕ್ಲಾಕ್ಸ್‌ವೀಕ್ ಬಂದರಿನ ಕಚೇರಿ, ನಸುಕಿನ ನಾಲ್ಕು ಗಂಟೆ.
ಹೆಸರು ಹೊಡೆದೆ, ಪಾಸ್‌ವರ್ಡ್ ಹೊಡೆದೆ.
ಡಾಲರ್ ಗುರುತು ಬರಬೇಕಾದಲ್ಲಿ
ಸುನ್ವೊರ್ ಬರೆದಿಟ್ಟ ಸಾಲು ಬಂತು:
'ನೀನು ಇಲ್ಲಿಂದ ಎದ್ದು ಐದು ತಾಸೂ ಆಗಿಲ್ಲ, ಹೊಗ್ನಿ.
ಹೋಗಿ ಮಲಗು.'

ಆಮೇಲೆ ಏನೂ ಇಲ್ಲ. ಮಿಣುಕುವ ಕರ್ಸರ್.
ಹೊರಗೆ ಮಂಜಿನಲ್ಲಿ ಹಡಗೊಂದು ಪೈಲಟ್ ಬೇಕೆಂದು ಕೂಗುತ್ತಿದೆ.

ಕಂಡವರ ಹಡಗನ್ನು ಕತ್ತಲಲ್ಲಿ ದಡ ಮುಟ್ಟಿಸುವ ನಾವು
ಹದಿನಾಲ್ಕು ಸಾಲಿನ ಸ್ಕ್ರಿಪ್ಟಿಗೆ ಸಿಕ್ಕಿಬಿದ್ದಿದ್ದೆವು.

ಉಪಾಯ ಮಾಡದೆ ಬಿಟ್ಟೆವೆ?
ಮೊದಲು ಅದು ಅವರವರ ಹೋಮ್ ಡೈರೆಕ್ಟರಿಯಲ್ಲಿತ್ತು.
ಬೇಲಿ ನಮ್ಮ ಹಿತ್ತಲಲ್ಲೇ ಇದ್ದರೆ ಕೀಳುವುದು ಎಷ್ಟು ಹೊತ್ತು?
ಕಿತ್ತೆವು. ಅವಳು ಅದನ್ನೆತ್ತಿ
ಎಲ್ಲರೂ ದಾಟಲೇಬೇಕಾದ ಹೊಸ್ತಿಲಲ್ಲಿಟ್ಟಳು, ರೂಟ್‌ನ ಒಡೆತನಕ್ಕೆ.
ಟ್ರೋಂದುರ್ ಕಂಡುಹಿಡಿದ: ಕಣ್ಣು ಮಿಟುಕಿಸುವುದರೊಳಗೆ
ಕಂಟ್ರೋಲ್ ಹಿಡಿದು ಸಿ ಒತ್ತಿದರೆ ಸ್ಕ್ರಿಪ್ಟ್ ಸಾಯುತ್ತದೆ,
ದಾರಿ ಬಿಡುತ್ತದೆ.
ಮೂರು ದಿನ ಅವನಿಗೆ ನಮ್ಮ ಲೆಕ್ಕದಲ್ಲಿ ಕಾಫಿ.
ನಾಲ್ಕನೆಯ ದಿನ ಆ ತೂತೂ ಮುಚ್ಚಿತ್ತು.
ನಾವು ಚಾಪೆಯ ಕೆಳಗೆ ತೂರಿದರೆ
ಅವಳು ರಂಗೋಲಿಯ ಕೆಳಗೆ.

ಕದ್ದಾದರೂ ಓದೋಣ ಎಂದು
ನಿದ್ದೆ ಮುಗಿಸಿ ಬಂದ ಒಂದು ದಿನ ಹುಡುಕಿದೆ.
ಕದಿಯುವಂಥದ್ದೇನೂ ಇರಲಿಲ್ಲ.
ಬರೆಯುವ ಹಕ್ಕು ಒಬ್ಬಳಿಗೆ, ಓದುವ ಹಕ್ಕು ಊರಿಗೆಲ್ಲ.
'ಮುಚ್ಚಿಡಬಾರದಿತ್ತೆ?' ಕೇಳಿದೆ.
ಕೈಗವಸು ಕಳಚುತ್ತ ಹೇಳಿದಳು:
'ಶೆಲ್ ಓದಲಾಗದ್ದನ್ನು ಶೆಲ್ ನಡೆಸಲಾರದು.
ಅದು ಓಡುವುದು ನಿನ್ನ ಹೆಸರಲ್ಲಿ,
ಹಾಗಾಗಿ ನೀನೂ ಓದಬಹುದು. ತಿದ್ದುವುದಷ್ಟೇ ನನ್ನದು.
ಇಷ್ಟು ದಿನ ಒಬ್ಬರೂ ಓದಲಿಲ್ಲ.'

ಓದಿದೆ. ಈಗಿನ ಹೊತ್ತಿನಿಂದ ಆಗಿನ ಹೊತ್ತು ಕಳೆ.
ಎಂಟು ತಾಸಿಗಿಂತ ಕಡಿಮೆಯೆ, ತಡೆ.
ಒಂಬತ್ತನೆಯ ಸಾಲಿನ ಮೊದಲಿಗೊಂದು ಗುರುತು,
ಯಂತ್ರ ಹಾರಿಸಿ ಮುಂದೆ ಹೋಗಲಿ ಎಂದು:
'ಟೆರ್ನಾ. ಹತ್ತೊಂಬತ್ತನೆಯ ತಾಸು.
ಚುಕ್ಕಾಣಿಯ ಮೇಲೆ ತಲೆಯಿಟ್ಟಿದ್ದ.'
ಯಾರು ಎಂದು ಬರೆದಿರಲಿಲ್ಲ.
ಅವಳ ತಮ್ಮನನ್ನು ಬಂದರಿನಲ್ಲಿ ಯಾರು ಮರೆತಾರು?

ನಾಲ್ಕೂ ಹತ್ತು. ಹಡಗು ಮತ್ತೆ ಕೂಗಿತು.
ಕಂಟ್ರೋಲ್ ಮೇಲಿದ್ದ ಬೆರಳು ತೆಗೆದು
ಟ್ರೋಂದುರ್‌ನ ಬಾಗಿಲು ಬಡಿದೆ.
ಹನ್ನೊಂದು ತಾಸು ಮಲಗಿದವ. ನನ್ನ ಅಜ್ಜನವರೆಗೂ ಬೈದ,
ಬಂದು ಕೂತ.
ಅವನ ಹೆಸರಿಗೆ ಡಾಲರ್ ಗುರುತು ಥಟ್ಟನೆ ಬಂತು.

ನಾನು ಬೂಟು ಬಿಚ್ಚಿದೆ.
ಎಡಗಾಲಿನದರಲ್ಲಿ ನೀರಿತ್ತು,
ಯಾವಾಗ ಸೇರಿತೋ ಗೊತ್ತೇ ಆಗಿರಲಿಲ್ಲ.