ನಲವತ್ತರ ಒಳಗೆ

ಬೆಳಿಗ್ಗೆ ಏಳೂವರೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು
ಇನ್ನೂ ಬಾಯಿ ಬಿಟ್ಟಿಲ್ಲ.
ಲ್ಯಾಬಿನ ಷಟರು ಅರ್ಧ ಎತ್ತುವಷ್ಟರಲ್ಲಿ
ಬಗ್ಗಿ ಒಳಗೆ ಬಂದರು ಮುನವ್ವರ್ ಸಾಬರು,
ಹಿಂದೆ ಶಾಹೀನಾ ಬೀ.
ಚೀಟಿ ಬರೆಸಿದ್ದು ಸಾಬರಿಗೊಬ್ಬರಿಗೇ.
"ಹೆಂಗೂ ಬಂದಿದೀನಿ, ನಂದೂ ನೋಡಿಬಿಡಿ" ಅಂದಳು
ಸಂತೆಯಲ್ಲಿ ಕೊಸರು ಕೇಳುವವಳ ಹಾಗೆ.

ಅವರ ತೋಳಿನಲ್ಲಿ ನರ ಹಗ್ಗದಂತೆ ಎದ್ದು ಕೂತಿತ್ತು.
ಅವಳದ್ದು ಸಿಗಲಿಲ್ಲ. ಎರಡು ಸಲ ಚುಚ್ಚಿದೆ.
ಮೂವತ್ತು ವರ್ಷ ಬಿಸಿನೀರಿನ ತೊಟ್ಟಿಯಲ್ಲಿ
ರೇಷ್ಮೆಯ ಎಳೆ ಹುಡುಕಿ ಬಿಳುಚಿದ ಬೆರಳು.
"ತುದಿ ಸಿಕ್ಕರೆ ಸಾಕು, ಆಮೇಲೆ ತಾನೇ ಬಿಚ್ಕೊಳ್ತದೆ"
ಅಂತ ನನಗೇ ಧೈರ್ಯ ಹೇಳಿದಳು.

ಮಧ್ಯಾಹ್ನ ಮಿಷನ್ನು ಕಾಗದ ಉಗುಳಿತು.
ಸಾಬರದ್ದರ ತುಂಬ ನಕ್ಷತ್ರ:
ಟ್ರೈಗ್ಲಿಸರೈಡು, ಯೂರಿಕ್ ಆಸಿಡ್ಡು,
ಎಸ್‌ಜಿಪಿಟಿ ಐವತ್ತೆಂಟು.
ಮಗ ಬಂದ, ಅಳಿಯ ಬಂದ, ಫೋನಿನಲ್ಲಿ ಮಾಲೂರಿನ ತಮ್ಮ ಬಂದ,
ರಾತ್ರಿಯೂಟದ ಬಗ್ಗೆ ನನ್ನ ಬೆಂಚಿನ ಮೇಲೇ ಪಂಚಾಯ್ತಿ.

ಅವಳ ಕಾಗದ ಬೋಳು.
ಎಸ್‌ಜಿಪಿಟಿ ಮೂವತ್ತೆಂಟು. ಎದುರಿಗೆ ಅಚ್ಚು:
ನಲವತ್ತರ ಒಳಗೆ.

ಹಿಮೋಗ್ಲೋಬಿನ್ನಿಗೆ ಎರಡು ಕಾಲಂ ಇದೆ, ಗಂಡಿಗೊಂದು ಹೆಣ್ಣಿಗೊಂದು.
ಒಳ್ಳೆಯ ಕೊಬ್ಬಿಗೂ ಎರಡು: ಅವರಿಗೆ ನಲವತ್ತು ಸಾಕು, ಅವಳಿಗೆ ಐವತ್ತು ಬೇಕು.
ಸೊಂಟ ಸುತ್ತುವ ಟೇಪಿನ ಮೇಲೆ ಕೂಡ ಎರಡು ಗೆರೆ.
ಲಿವರಿಗೆ ಬಂದಾಗ ಮಾತ್ರ
ಯಜಮಾನನ ಅಳತೆಗೆ ಹೊಲಿದ ಅಂಗಿಯನ್ನು
ಮನೆಮಂದಿಗೆಲ್ಲ ತೊಡಿಸಿದ ಹಾಗೆ.
ಹೆಂಗಸಿಗೆ ಇಪ್ಪತ್ತೈದು ದಾಟಿದರೆ ವಿಚಾರಿಸಬೇಕು ಅಂತ
ಟ್ರೈನಿಂಗಿನಲ್ಲಿ ಯಾರೋ ಹೇಳಿದ್ದರು,
ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡಿದ್ದೆ.
ಮಿಷನ್ನಿಗೆ ಯಾರೂ ಹೇಳಲಿಲ್ಲ. ನಾನೂ.

ಮುಟ್ಟು ನಿಂತು ಎಷ್ಟಾಯ್ತು, ಕೇಳಿದೆ.
"ನಾಲ್ಕು ವರ್ಷ. ನಿಂತಿದ್ದಕ್ಕೂ ಲೆಕ್ಕ ಇಡ್ತೀರಾ?"
ಇಡಬೇಕು. ಅಷ್ಟು ದಿನ ಬಾಗಿಲು ಕಾಯುತ್ತಿದ್ದದ್ದು ಹೊರಟುಹೋದ ಮೇಲೆ
ಕೊಬ್ಬು ಹೊಟ್ಟೆಗೆ ಬರುತ್ತದೆ, ಲಿವರಿಗೂ,
ಹೊಸ ಬಾಡಿಗೆಯವರು ಸಾಮಾನು ಇಳಿಸಿದ ಹಾಗೆ
ಒಂದೊಂದೇ, ಸದ್ದಿಲ್ಲದೆ.

ಹೇಳಿದೆ, ನನಗೆ ಹೇಳಲು ಬರುವಷ್ಟು.
ಕೇಳಿ ನಕ್ಕಳು.
ಮದುವೆಗೆ ಮುಂಚೆ ಬಿತ್ತನೆ ಕೋಠಿಯಲ್ಲಿ ಕೂಲಿಯಂತೆ,
ಗೂಡು ಕೊಯ್ದು ಪ್ಯೂಪಾ ಆರಿಸುವ ಕೆಲಸ.
"ಹೆಣ್ಣು ತೂಕ ಜಾಸ್ತಿ. ಬಾಲದ ಹತ್ರ ಗೀರು ಇರ್ತದೆ.
ದಿನಕ್ಕೆ ಸಾವಿರ ನೋಡ್ತಿದ್ದೆ, ಒಂದು ತಪ್ಪಿದ್ರೂ ಬೈತಿದ್ರು.
ಹುಳಕ್ಕೂ ಎರಡು ತಟ್ಟೆ ಇಟ್ಟಿದ್ರು, ಮೇಡಮ್ಮ."

ಹೊರಗೆ ಸ್ಕೂಟರಿನ ಹಾರನ್ನು.
ಮೂವತ್ತೆಂಟರ ಪಕ್ಕ ಪೆನ್ಸಿಲಿನಲ್ಲಿ ಒಂದು ನಕ್ಷತ್ರ ಹಾಕಿದೆ,
ಡಾಕ್ಟರು ಕೇಳಿದರೆ ನೋಡಿಕೊಳ್ಳೋಣ.
ಅವಳು ಅದನ್ನು ಗಂಡನ ಕಾಗದದ ಒಳಗೆ ಮಡಿಸಿಟ್ಟು
ಸೆರಗಿಗೆ ಕೈ ಒರೆಸಿಕೊಂಡು ಹೊರಟಳು.

ನನಗೆ ಐವತ್ತಕ್ಕೆ ಇನ್ನೆರಡು ತಿಂಗಳು.
ಸಂಜೆ ಷಟರು ಎಳೆದು
ತೋಳಿಗೆ ರಬ್ಬರು ಸುತ್ತಿಕೊಂಡೆ,
ಒಂದು ತುದಿ ಹಲ್ಲಿನಲ್ಲಿ ಕಚ್ಚಿ.