ಹಸಿರು ಕಿಸೆ

ಮಾರ್ಚ್ ಹದಿನೇಳಕ್ಕೆ ಬೇಕೇ ಬೇಕು ಎಂದಳು ಲಿಸ್ಮೋಳ್,
ಬಂದಡ್ಕ ಪೇಟೆಯ ನನ್ನ ಅಂಗಡಿ ಬೆಂಚಿನಲ್ಲಿ ಕೂತು.
ಹನ್ನೊಂದು ವರ್ಷ ಐರ್ಲೆಂಡಿನ ಆಸ್ಪತ್ರೆಯಲ್ಲಿ
ರಾತ್ರಿಪಾಳಿ ಮಾಡಿ ಬಂದವಳು.
ನನಗೆ ಮಲಯಾಳ ಅರ್ಧ, ಅವಳಿಗೆ ಕನ್ನಡ ಕಾಲು,
ಉಳಿದದ್ದನ್ನು ಟೇಪು ಹೇಳಿತು:
ಮಗನಿಗೆ ಎದೆ ಇಪ್ಪತ್ತಾರು, ಮಗಳಿಗೆ ಇಪ್ಪತ್ತಮೂರು.
ಬಣ್ಣ ಮಾತ್ರ ಹಸಿರು.

ಬಟ್ಟೆಯಂಗಡಿಯ ಮೊಯ್ದು ಕತ್ತರಿ ತಡೆಹಿಡಿದು ಕೇಳಿದ,
"ಉರೂಸಿಗಾ?"
"ಅಲ್ಲ, ಪೆರ್ನಾಳಿಗೆ."
"ಪೆರ್ನಾಳಿಗೆ ಇನ್ನೂ ದಿನ ಉಂಟಲ್ಲ!"
"ನಿಮ್ಮದಲ್ಲ. ಕಡಲಾಚೆಯ ಒಬ್ಬ ಪುಣ್ಯಾಳನದ್ದು."
"ಓ, ಹಾಗಾದರೆ ಮೀಟರಿಗೆ ಹತ್ತು ಕಮ್ಮಿ" ಅಂದ.
ಯಾಕೆಂದು ಅವನಿಗೂ ಗೊತ್ತಿಲ್ಲ.

ಹೊಲಿದೆ. ಒಂದು ತುಂಡು ಉಳಿಯಿತು.
ಅದರಲ್ಲಿ ನನ್ನ ಬಿಳಿ ಅಂಗಿಗೊಂದು ಕಿಸೆ
ಹೊಲಿದುಕೊಂಡದ್ದು ಯಾಕೆ, ಕೇಳಬೇಡಿ.
"ನೀವೂ ಬರಬೇಕು ಮಾಲಿಂಗಣ್ಣ" ಎಂದಿದ್ದಳಲ್ಲ.

ಟೆರೇಸಿನಲ್ಲಿ ಗೇರುಹಣ್ಣಿನ ಘಾಟು, ಕಾದ ಸಿಮೆಂಟು,
ಪಾಚಿಯಷ್ಟು ಹಸಿರಾದ ಲಿಂಬೆ ಶರಬತ್ತು.
ಮೊಬೈಲಿನಲ್ಲಿ ಪಿಟೀಲು ಓಡುತ್ತಿತ್ತು
ಹಗ್ಗ ಕಳಚಿದ ಕರುವಿನ ಹಾಗೆ.
ಎರಿನ್ ಎಂಬ ಆ ಮಗು ಕಾಲು ಮಾತ್ರ ಕುಣಿಸಿತು,
ಕೈ ಎರಡೂ ಪಕ್ಕಕ್ಕೆ ಕಟ್ಟಿಹಾಕಿದಂತೆ.
"ಕೈಗೆ ಎಂತಾಯ್ತು?" ಅಂದೆ.
"ಅಲ್ಲಿ ಹೀಗೇ" ಎಂದಿತು, ನನಗಾಗಿ ಮರುಗಿ.

ಆಮೇಲೆ ಕಥೆ. ಹುಡುಗ ಇಂಗ್ಲಿಷಿನಲ್ಲಿ ಹೇಳಿದ,
ಅಮ್ಮ ಮಲಯಾಳಕ್ಕೆ ಇಳಿಸಿದಳು,
ನಾನು ಒಳಗೊಳಗೇ ಕನ್ನಡಕ್ಕೆ ಟಾಕು ಹಾಕಿಕೊಂಡೆ:
ಆ ಪುಣ್ಯಾಳನ್ ಕೋಲು ಎತ್ತಿದನಂತೆ,
ದೇಶದ ಹಾವುಗಳನ್ನೆಲ್ಲ ಕಡಲಿಗೆ ಅಟ್ಟಿದನಂತೆ.
ಎಲ್ಲರೂ ಚಪ್ಪಾಳೆ ತಟ್ಟಿದರು.
ನನ್ನ ಕೈ ಅರ್ಧಕ್ಕೇ ನಿಂತಿತು.
ನಮ್ಮ ಮನೆ ಹಿಂದೆ ಬನ ಉಂಟು ಮಾರಾಯ್ರೆ,
ಕಲ್ಲಿನ ಹೆಡೆಗೆ ವರ್ಷವೂ ಹಾಲು, ಸೀಯಾಳ, ಅರಸಿನ ಹುಡಿ.
ಒಣಗಿದ ಕೊಂಬೆಗೂ ಅಲ್ಲಿ ಕತ್ತಿ ಮುಟ್ಟಿಸುವುದಿಲ್ಲ.
ಅಟ್ಟಿದ ಹಾವುಗಳು ಎಲ್ಲಿಗೆ ಹೋದವು?
ಕೇಳಿದರೆ ಹಬ್ಬ ಕೆಡುತ್ತದೋ ಏನೋ.
ಶರಬತ್ತು ಕುಡಿದೆ.

ಹುಡುಗನಿಗೆ ಮೂರೆಲೆಯ ಸೊಪ್ಪು ಬೇಕಿತ್ತು,
ಎದೆಗೆ ಸಿಕ್ಕಿಸಲು; ಅಲ್ಲಿ ಎಲ್ಲರೂ ಸಿಕ್ಕಿಸುತ್ತಾರಂತೆ.
ಈ ಉರಿಯಲ್ಲಿ ಹುಲ್ಲೆಲ್ಲ ಬೂದಿ ಬಣ್ಣ,
ಅಳು ತುಟಿಯವರೆಗೆ ಬಂದಿತ್ತು.
ಇಳಿದು ಹೋದೆ. ಬಚ್ಚಲ ನೀರು ಹೋಗುವಲ್ಲಿ
ತಂಪಿಗೆ ಅಂಟಿಕೊಂಡಿತ್ತು ಪುಲ್ಲಂಪುರ್ಚಿ,
ನಾವು ತಂಬುಳಿಗೆ ಅರೆಯುವುದು:
ಒಂದು ಕಡ್ಡಿ, ಮೂರು ಪುಟ್ಟ ಹೃದಯ.
"ಪುಳಿಯಾರಿಲ!" ಎಂದಳು ಲಿಸ್ಮೋಳ್,
ಮತ್ತೆ ಸ್ವಲ್ಪ ಹೊತ್ತು ಯಾವ ಭಾಷೆಯನ್ನೂ ಆಡಲಿಲ್ಲ.

ಮೆಟ್ಟಿಲಲ್ಲಿ ಬೀಳ್ಕೊಡುವಾಗ ಹೇಳಿದಳು,
ಅವನು ಆ ದೇಶದವನೇ ಅಲ್ಲವಂತೆ.
ಹದಿನಾರಕ್ಕೆ ಕದ್ದೊಯ್ದರಂತೆ ಕಡಲು ದಾಟಿಸಿ,
ಕುರಿ ಕಾಯಲು ಹಚ್ಚಿದರಂತೆ.
ತಪ್ಪಿಸಿಕೊಂಡು ಊರು ಸೇರಿದವನು
ಅಲ್ಲಿಗೇ ತಿರುಗಿ ಹೋದನಂತೆ, ಯಾರೂ ಎಳೆಯದೆ.
ನಾನು ನನ್ನ ರೇಷನ್ ಕಾರ್ಡು ನೆನೆದೆ:
ಅದರಲ್ಲಿ ನಾನು ಮಾಲಿಂಗನ್.
ಹುಟ್ಟಿದಲ್ಲಿಂದ ಒಂದು ಹೆಜ್ಜೆ ಕದಲದೆಯೂ
ಹೆಸರಿನ ಬಾಲಕ್ಕೊಂದು ಅಕ್ಷರ ಬೆಳೆದವನು.

ಸಂಜೆ ಬನಕ್ಕೆ ದೀಪ ಇಡುವಾಗ
ಎಲೆ ಇನ್ನೂ ಹಸಿರು ಕಿಸೆಯಲ್ಲೇ ಇತ್ತು, ಬಾಡಿ.
ಕಲ್ಲುಗಳನ್ನು ಒಮ್ಮೆ ಎಣಿಸಿದೆ.
ಆ ಕಡೆಯಿಂದ ಓಡಿ ಬಂದವರು ಯಾರಾದರೂ
ನಿಮ್ಮ ನಡುವೆ ಇದ್ದರೆ, ಇರಲಿ, ಜಾಗ ಉಂಟು
ಅಂದೆ, ಕನ್ನಡದಲ್ಲೇ.
ಎಲೆ ಬಾಯಿಗೆ ಹಾಕಿಕೊಂಡೆ.
ಹುಳಿ.